ಡಲ್ಲಾಸ್‌ನ ಎರೆಮಣ್ಣಿಗೆ ಜೀವ ಇದೆಯೆ?

ಪ್ರಶ್ನೆ: ಫ್ರಿಸ್ಕೋದಲ್ಲಿ ಮನೆ ಕೊಂಡು ಆರು ವರ್ಷವಾಯಿತು. ಈ ಬೇಸಿಗೆಯಲ್ಲಿ ಊಟದ ಕೋಣೆಯ ಗೋಡೆ ಓರೆಯಾಗಿ ಬಿರಿದಿದೆ, ಬಚ್ಚಲಿನ ಬಾಗಿಲು ಮುಚ್ಚುತ್ತಿಲ್ಲ. ನೋಡಲು ಬಂದ ಫೌಂಡೇಶನ್‌ನವರು “ಇಲ್ಲಿನ ಮಣ್ಣು ಆ್ಯಕ್ಟಿವ್” ಅಂದರು. ಪಕ್ಕದಲ್ಲೇ ನಿಂತಿದ್ದ ನನ್ನ ಒಂಬತ್ತು ವರ್ಷದ ಮಗ, “ಅಮ್ಮಾ, ಹಾಗಾದ್ರೆ ಮಣ್ಣಿಗೂ ಜೀವ ಇದೆಯಾ? ಮಂಗಳ ಗ್ರಹದ ಮಣ್ಣಿಗೂ ಇದೆಯಾ?” ಎಂದು ಕೇಳಿದ. ಕಲ್ಲು, ಖನಿಜಗಳೂ ಜೀವಿಗಳ ಹಾಗೆ ವಿಕಾಸವಾಗುತ್ತವೆ, ಲೋಕದಲ್ಲಿ ಎಲ್ಲವೂ ಸರಳದಿಂದ ಜಟಿಲಕ್ಕೆ ಸಾಗುವುದೇ ನಿಯಮ ಎಂದು ನಾನೂ ಎಲ್ಲೋ ಓದಿದ ನೆನಪು. ನಿಜವೆ? ಮಗನಿಗೆ ಏನು ಹೇಳಲಿ?

ಉತ್ತರ: ನಾನು ಹುಟ್ಟಿ ಬೆಳೆದದ್ದು ನವಲಗುಂದದ ಕಡೆಯ ಎರಿ ನೆಲದಲ್ಲಿ. ಹತ್ತೊಂಬತ್ತು ವರ್ಷದಿಂದ ಇರುವುದು ಡಲ್ಲಾಸ್‌ನ ಉತ್ತರಕ್ಕೆ, ನಿಮ್ಮಿಂದ ಅರ್ಧ ಗಂಟೆಯ ದಾರಿಯಲ್ಲಿ. ಸಮುದ್ರ ದಾಟಿ ಬಂದರೂ ಕಾಲಡಿಯ ಮಣ್ಣು ಮಾತ್ರ ನನ್ನನ್ನು ಬಿಡಲಿಲ್ಲ. ಬೇಸಿಗೆಯಲ್ಲಿ ನಮ್ಮ ಎರಿ ಹೊಲ ಬಾಯಿ ಬಿಟ್ಟರೆ ಕರುವಿನ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು. ಒಂದು ಮಳೆ ಬಿದ್ದರೆ ಅದೇ ಹೊಲದಲ್ಲಿ ಚಪ್ಪಲಿ ಕಳೆದುಕೊಳ್ಳದೆ ಹತ್ತು ಹೆಜ್ಜೆ ಇಡಲಾಗದು. ಇಲ್ಲಿಗೆ ಬಂದ ಎರಡನೆಯ ಆಗಸ್ಟ್‌ನಲ್ಲಿ ಹಿತ್ತಲ ಹುಲ್ಲಿನ ನಡುವೆ ಅದೇ ಬಿರುಕು ಕಂಡು ನಕ್ಕೆ. ಮುಂದಿನ ತಿಂಗಳು ಮಲಗುವ ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಾಗ ನಗು ನಿಂತಿತು.

ಮಣ್ಣಿನ ತಜ್ಞರು ಈ ಕರಿಮಣ್ಣನ್ನು ‘ಹ್ಯೂಸ್ಟನ್ ಬ್ಲ್ಯಾಕ್’ ಎಂದು ಕರೆಯುತ್ತಾರೆ. ಹೆಸರಿಗೆ ಹ್ಯೂಸ್ಟನ್. ಅದರ ನಿಜವಾದ ಸೀಮೆ ಡಲ್ಲಾಸ್‌ನ ಉತ್ತರದಿಂದ ಆಸ್ಟಿನ್ ಹಾಯ್ದು ಸ್ಯಾನ್ ಆಂಟೋನಿಯೋ ತನಕ ಹಬ್ಬಿದ ಕರಿನೆಲದ ಪಟ್ಟಿ. ನಮ್ಮ ಕಡೆಯ ಎರೆಯ ಬಹುಪಾಲು ದಖ್ಖನಿನ ಲಾವಾಕಲ್ಲು ಕೊಳೆತು ಆದದ್ದು, ಇಲ್ಲಿಯದು ಹಳೆಯ ಸಮುದ್ರತಳದ ಸುಣ್ಣದ ಕೆಸರು ಕೊಳೆತು ಆದದ್ದು. ತಾಯಿ ಬೇರೆಯಾದರೂ ಗುಣ ಒಂದೇ, ಯಾಕೆಂದರೆ ಎರಡರ ಹೊಟ್ಟೆಯಲ್ಲೂ ಇರುವುದು ಸ್ಮೆಕ್ಟೈಟ್ ಎಂಬ ಗುಂಪಿನ ಜೇಡಿ ಖನಿಜ. ಚಿರೋಟಿಯ ಪದರಗಳನ್ನು ಕಣ್ಣಿಗೆ ತಂದುಕೊಳ್ಳಿ. ಸ್ಮೆಕ್ಟೈಟ್‌ನ ಪ್ರತಿ ಕಣವೂ ಅಂಥ ಪದರಗಳ ಅಡಕಲು, ಒಂದೊಂದು ಪದರವೂ ಕೆಲವೇ ಪರಮಾಣುಗಳ ದಪ್ಪ. ಮಳೆ ಬಂದರೆ ಪದರಗಳ ನಡುವೆ ನೀರು ನುಗ್ಗಿ ಕಣ ಉಬ್ಬುತ್ತದೆ, ಬಿಸಿಲಿಗೆ ನೀರು ಹೋದರೆ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗುವುದನ್ನೇ ಟೆಕ್ಸಾಸ್‌ನ ಮನೆ ರಿಪೇರಿಯವರು ‘ಆ್ಯಕ್ಟಿವ್’ ಅನ್ನುವುದು. ಮಣ್ಣಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ, ಅದು ಬೇರೆ ಮಾತು. ಗೋಡೆ ಬಿರಿದದ್ದು ಖನಿಜದ ಕೆಲಸ, ಖನಿಜಕ್ಕೆ ಜೀವ ಇಲ್ಲ.

ಅಲ್ಲಿಗೇ ಉತ್ತರ ಮುಗಿಸಿದರೆ ನಿಮ್ಮ ಮಗನಿಗೆ ಮೋಸ ಮಾಡಿದಂತೆ. ಜೀವ ಇಲ್ಲದಿದ್ದರೂ ಆ ಜೇಡಿಗೆ ಒಂದು ಹುಟ್ಟು ಇದೆ. ಅದು ಎಲ್ಲ ಗ್ರಹದಲ್ಲೂ ಹುಟ್ಟುವುದಿಲ್ಲ, ಹುಟ್ಟುವ ಕಡೆಯೂ ಮೊದಲ ದಿನವೇ ಹುಟ್ಟುವುದಿಲ್ಲ. ನೀವು ಎಲ್ಲೋ ಓದಿದ ‘ಖನಿಜ ವಿಕಾಸ’ದ ವಿಚಾರ ಶುರುವಾದದ್ದೂ ಜೇಡಿಮಣ್ಣಿನ ಒಂದು ಪ್ರಶ್ನೆಯಿಂದಲೇ. 2006ರ ಡಿಸೆಂಬರ್ 6ರಂದು ಒಂದು ಕ್ರಿಸ್‌ಮಸ್ ಪಾರ್ಟಿಯಲ್ಲಿ ಜೀವಭೌತವಿಜ್ಞಾನಿ ಹೆರಾಲ್ಡ್ ಮೊರೊವಿಟ್ಜ್ ಅವರು ಖನಿಜತಜ್ಞ ರಾಬರ್ಟ್ ಹೇಜನ್ ಅವರನ್ನು ಕೇಳಿದರಂತೆ: ಭೂಮಿಯ ಆದಿಯುಗದಲ್ಲಿ ಜೇಡಿ ಖನಿಜಗಳು ಇದ್ದವೆ? ಮೊರೊವಿಟ್ಜ್ ಅವರ ಆಸಕ್ತಿ ಜೀವದ ಮೂಲದಲ್ಲಿ. ಜೀವದ ಮೊದಲ ಅಣುಗಳು ಜೇಡಿಯ ಪದರದ ಮೇಲೆ ಕೂಡಿಕೊಂಡಿರಬಹುದು ಎಂಬ ಊಹೆ ಹಳೆಯದು. 1996ರಲ್ಲಿ ಜೇಮ್ಸ್ ಫೆರಿಸ್ ಮತ್ತು ಸಂಗಡಿಗರು ಸ್ಮೆಕ್ಟೈಟ್ ಗುಂಪಿನ ಮಾಂಟ್‌ಮೊರಿಲೊನೈಟ್ ಜೇಡಿಯ ಮೇಲೆ ಆರ್‌ಎನ್‌ಎಯ ಕೊಂಡಿಗಳನ್ನು ಸೇರಿಸುತ್ತ ಹೋಗಿ ಐವತ್ತರ ಆಸುಪಾಸಿನ ಸರಪಳಿಯನ್ನೇ ಬೆಳೆಸಿ ತೋರಿಸಿದ್ದರು. ಆದರೆ ಭೂಮಿಯ ಆದಿಯುಗದಲ್ಲಿ ಅಂಥ ಜೇಡಿ ಇತ್ತೆ ಎಂದು ಯಾರೂ ಗಟ್ಟಿಯಾಗಿ ಕೇಳಿರಲಿಲ್ಲ. ಖನಿಜಶಾಸ್ತ್ರ ಅಲ್ಲಿಯವರೆಗೂ ಗಡಿಯಾರ ಇಲ್ಲದ ಶಾಸ್ತ್ರ. ಬೆಣಚು ಎಂದರೆ ಬೆಣಚು, ಅದರ ಬಣ್ಣ, ಗಡಸುತನ, ಹರಳಿನ ಆಕಾರ ಹೇಳಿದರೆ ಮುಗಿಯಿತು. ಭೂಮಿಯ ಮೇಲೆ ಅದು ಮೊದಲು ಕಾಣಿಸಿಕೊಂಡದ್ದು ಯಾವಾಗ ಎಂದು ಪಠ್ಯಪುಸ್ತಕದಲ್ಲಿ ಇರುತ್ತಿರಲಿಲ್ಲ.

ಹೇಜನ್ ಏಳು ಮಂದಿ ಸಂಗಡಿಗರ ಜೊತೆ ಕೂತು ಯಾವ ಹಂತದಲ್ಲಿ ಎಷ್ಟು ಖನಿಜ ಎಂಬ ಪಟ್ಟಿ ಬರೆದು 2008ರಲ್ಲಿ ಪ್ರಕಟಿಸಿದರು. ಲೆಕ್ಕ ಸ್ಥೂಲವಾಗಿ ಹೀಗಿದೆ. ಸೂರ್ಯ ಹುಟ್ಟುವ ಮೊದಲಿನ ಧೂಳಿನಲ್ಲಿ ಹನ್ನೆರಡರ ಆಸುಪಾಸು ಖನಿಜಗಳು. ವಜ್ರದ ಅತಿ ಸಣ್ಣ ಕಣಗಳೂ ಅದರಲ್ಲಿ ಸೇರಿವೆ. ಸುಮಾರು 456 ಕೋಟಿ ವರ್ಷದ ಹಿಂದೆ ಆ ಧೂಳು ಕಾದು ಗುಂಡುಗೂಡಿದಾಗ 60. ಗುಂಡುಗಳು ದೊಡ್ಡವಾಗಿ, ಕರಗಿ, ಡಿಕ್ಕಿ ಹೊಡೆದು, ಒಳಗೆ ನೀರು ಹರಿದಾಗ 250. ನೀರಿಲ್ಲದ ಒಣ ಗ್ರಹವಾದರೆ ಕಥೆ 350ರ ಸುತ್ತ ನಿಂತುಬಿಡುತ್ತದೆ. ನೀರು ಇದ್ದರೆ 500 ತಲುಪಬಹುದು. ಅಲ್ಲಿಂದ ಮುಂದೆ ಗ್ರಾನೈಟ್ ಹುಟ್ಟಬೇಕು, ಭೂಫಲಕಗಳು ಒಂದರಡಿ ಒಂದು ಜಾರಬೇಕು, ಆಗ 1,500. ಇಂದು ನಮಗೆ ಗೊತ್ತಿರುವುದು 6,000ಕ್ಕೂ ಹೆಚ್ಚು. 1,500ರಿಂದ ಈ ಮಟ್ಟಕ್ಕೆ ಜಿಗಿದದ್ದಕ್ಕೆ ಮುಖ್ಯ ಕಾರಣ ನೀಲಿ-ಹಸಿರು ಪಾಚಿ ಉಸಿರಾಗಿ ಬಿಟ್ಟ ಆಮ್ಲಜನಕ. ಅದಕ್ಕೆ ಆಮೇಲೆ ಬರುತ್ತೇನೆ.

‘ವಿಕಾಸ’ ಎಂಬ ಪದದ ಬಗ್ಗೆ ಮಾತ್ರ ನನಗೆ ತಕರಾರಿದೆ. ಕಲ್ಲಿಗೆ ಮಕ್ಕಳಿಲ್ಲ. ಮರಿ ಹಾಕುವುದಿಲ್ಲ, ತನ್ನ ಗುಣವನ್ನು ಮುಂದಿನ ತಲೆಮಾರಿಗೆ ದಾಟಿಸುವುದಿಲ್ಲ. ಡಾರ್ವಿನ್ ಹೇಳಿದ ಅರ್ಥದಲ್ಲಿ ಅದು ವಿಕಾಸವಲ್ಲ, ಹೇಜನ್ ಕೂಡ ಹಾಗೆ ಹೇಳಿಲ್ಲ. ಬೆಣಚು 400 ಕೋಟಿ ವರ್ಷದ ಹಿಂದೆಯೂ ಬೆಣಚೇ. ಬದಲಾಗುವುದು ಗ್ರಹದ ಒಟ್ಟು ಸಂಗ್ರಹ. ನಮ್ಮ ಹಳ್ಳಿಯ ಸಂತೆಯಲ್ಲಿ ನನ್ನ ಅಜ್ಜನ ಕಾಲದಲ್ಲಿ ಸಿಗುತ್ತಿದ್ದ ಸಾಮಾನು ಇಪ್ಪತ್ತು, ರಸ್ತೆ ಬಂದ ಮೇಲೆ ಇನ್ನೂರು, ಕರೆಂಟು ಬಂದ ಮೇಲೆ ಸಾವಿರ. ಬೆಲ್ಲ ಬೆಲ್ಲವಾಗಿಯೇ ಇದೆ, ಸಂತೆ ಬೆಳೆದಿದೆ.

ಇದೆಲ್ಲ ಪುಸ್ತಕದ ಮಾತು ಅನ್ನಿಸಿದರೆ ಮಗನನ್ನು ಹ್ಯೂಸ್ಟನ್‌ಗೆ ಕರೆದುಕೊಂಡು ಹೋಗಿ. ನಾಲ್ಕು ಗಂಟೆಯ ಡ್ರೈವ್. ಅಲ್ಲಿನ ಸ್ಪೇಸ್ ಸೆಂಟರ್‌ನಲ್ಲಿ ಬೆರಳಿಟ್ಟು ಮುಟ್ಟಬಹುದಾದ ಚಂದ್ರನ ಕಲ್ಲಿನ ಒಂದು ತುಂಡು ಇದೆ. ಲಕ್ಷಾಂತರ ಬೆರಳು ಸವರಿ ನುಣ್ಣಗಾಗಿರುವ, ಕಪ್ಪನೆಯ, ತಂಪು ಕಲ್ಲು. ಪಕ್ಕದ ಜಾನ್ಸನ್ ಬಾಹ್ಯಾಕಾಶ ಕೇಂದ್ರದಲ್ಲಿ 1969ರಿಂದ 1972ರವರೆಗೆ ಅಪೊಲೊ ಯಾತ್ರಿಗಳು ತಂದ 382 ಕಿಲೋ ಕಲ್ಲು, ಮಣ್ಣಿನ ಬಹುಪಾಲು ಸಾರಜನಕದ ಪೆಟ್ಟಿಗೆಗಳಲ್ಲಿದೆ. ಅದರಲ್ಲಿ ಹೊಸ ಖನಿಜಗಳೂ ಸಿಕ್ಕವು. ಒಂದಕ್ಕೆ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಹೆಸರುಗಳ ತುಣುಕು ಪೋಣಿಸಿ ‘ಆರ್ಮಾಲ್ಕೊಲೈಟ್’ ಎಂದು ಹೆಸರಿಟ್ಟರು. ಆದರೆ ಅಷ್ಟೂ ರಾಶಿಯಲ್ಲಿ ನಿಮ್ಮ ಹಿತ್ತಲಿನಂಥ ಜೇಡಿ ಇಲ್ಲವೆಂದೇ ಹೇಳಬೇಕು. ಚಂದ್ರನಲ್ಲಿ ಕಲ್ಲನ್ನು ಕೊಳೆಸುವ ನೀರು ಹರಿಯಲಿಲ್ಲ, ಅಲ್ಲಿನ ಸಂತೆ ಬೇಗ ಮುಚ್ಚಿತು.

ಅದೇ ಆವರಣಕ್ಕೆ 2023ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಪಾರ್ಸೆಲ್ ಬಂತು. ಬೆನ್ನು ಎಂಬ ಕ್ಷುದ್ರಗ್ರಹದಿಂದ ಒಸಿರಿಸ್-ರೆಕ್ಸ್ ನೌಕೆ ತಂದ ಪುಡಿ. ಸೆಪ್ಟೆಂಬರ್ 24ರಂದು ಯೂಟಾದ ಮರುಭೂಮಿಯಲ್ಲಿ ಪೆಟ್ಟಿಗೆ ಇಳಿಯಿತು, ಮರುದಿನ ಹ್ಯೂಸ್ಟನ್ ಸೇರಿತು. ಮುಚ್ಚಳಕ್ಕೆ 35 ತಿರುಪುಗಳು. ಮೂವತ್ಮೂರು ಬಿಚ್ಚಿಕೊಂಡವು, ಎರಡು ಜಪ್ಪಯ್ಯ ಅನ್ನಲಿಲ್ಲ. ಪುಡಿಗೆ ಭೂಮಿಯ ಗಾಳಿ ತಾಗಬಾರದು, ಆದ್ದರಿಂದ ಪೆಟ್ಟಿಗೆಯೊಳಗೆ ಕೈಗವಸು ಹಾಕಿಯೇ ಕೆಲಸ ಆಗಬೇಕು. ಎಣ್ಣೆ ಬಿಡುವಂತಿಲ್ಲ, ಸುತ್ತಿಗೆ ಎತ್ತುವಂತಿಲ್ಲ. ಎರಡು ತಿರುಪಿಗಾಗಿ ಹೊಸ ಸಾಧನ ಮಾಡಿಸಿ 2024ರ ಜನವರಿಯಲ್ಲಿ ಬಿಚ್ಚಿದರು. ಕೋಟ್ಯಂತರ ಕಿಲೋಮೀಟರ್ ಹೋಗಿ ಬಂದ ನೌಕೆ ಕೊನೆಗೆ ನಮ್ಮ ಅಡುಗೆಮನೆಯ ಉಪ್ಪಿನಕಾಯಿ ಜಾಡಿಯ ಕಷ್ಟಕ್ಕೇ ಸಿಕ್ಕಿತು. ಒಟ್ಟು ಸಿಕ್ಕದ್ದು 121.6 ಗ್ರಾಂ.

ಆ ಒಂದು ಹಿಡಿ ಪುಡಿಯಲ್ಲಿ ಹೆಚ್ಚಿನ ಪಾಲು ಜೇಡಿ! ಸ್ಮೆಕ್ಟೈಟ್‌ನ ನೆಂಟರೂ ಅದರಲ್ಲಿದ್ದಾರೆ. ಜೊತೆಗೆ ಉಪ್ಪುನೀರು ಇಂಗಿ ಉಳಿದ ಹನ್ನೊಂದು ಖನಿಜಗಳು. ಅವುಗಳಲ್ಲಿ ಟ್ರೋನಾ ಎಂಬುದು ಬಾಹ್ಯಾಕಾಶದ ಮಾದರಿಯಲ್ಲಿ ಹಿಂದೆಂದೂ ಕಂಡಿರಲಿಲ್ಲ. ಟ್ರೋನಾ ಎಂದರೆ ಗಾಬರಿ ಬೇಡ. ನಮ್ಮೂರಿನ ಅಗಸರು ಹಳ್ಳದ ದಂಡೆಯಿಂದ ಕೆರೆದು ತಂದು ಬಟ್ಟೆ ಒಗೆಯುತ್ತಿದ್ದ ಬಿಳಿ ಚೌಳು ಇದರದೇ ಜಾತಿ, ಅದೂ ಸೋಡಾ ಉಪ್ಪೇ. 2025ರ ಜನವರಿಯಲ್ಲಿ ಇದನ್ನು ವರದಿ ಮಾಡಿದ ತಂಡದ ಮುಂದಾಳು ಟಿಮ್ ಮೆಕಾಯ್, 2008ರಲ್ಲಿ ಹೇಜನ್ ಜೊತೆ ಪಟ್ಟಿ ಬರೆದವರಲ್ಲಿ ಒಬ್ಬರು. ಅದೇ ದಿನ ಇನ್ನೊಂದು ತಂಡ ಹೇಳಿದ್ದು: ನಮ್ಮ ಮೈಯ ಪ್ರೋಟೀನುಗಳು ಬಳಸುವ 20 ಅಮೈನೋ ಆಮ್ಲಗಳಲ್ಲಿ 14, ಡಿಎನ್‌ಎ ಆರ್‌ಎನ್‌ಎಗಳ ಐದೂ ಅಕ್ಷರಗಳು ಆ ಪುಡಿಯಲ್ಲಿವೆ.

ಜೇಡಿ ಇದೆ, ಉಪ್ಪುನೀರಿನ ಗುರುತಿದೆ, ಜೀವದ ಇಟ್ಟಿಗೆಗಳಿವೆ. ಜೀವ ಮಾತ್ರ ಇಲ್ಲ. ಯಾಕೆ? ಬೆನ್ನುವಿನ ಮೂಲ ಗುಂಡು ಚಿಕ್ಕದು. ಒಳಗಿನ ಬಿಸಿ ಆರಿತು, ನೀರು ಹೆಪ್ಪುಗಟ್ಟಿತು ಅಥವಾ ಇಂಗಿತು, ಆಮೇಲೆ ಡಿಕ್ಕಿ ಹೊಡೆದು ಚೂರಾಯಿತು. ಹಿಟ್ಟು ನೆನೆದಿತ್ತು, ಒಲೆ ಆರಿಹೋಯಿತು. ಗ್ರಹಗಳ ಕಥೆಯಲ್ಲಿ ನನ್ನನ್ನು ಬಹಳ ಕಾಡುವುದು ಇದೇ. ಸಾಮಗ್ರಿ ಅಪರೂಪವಲ್ಲ. ಒಲೆ ಕೋಟಿ ವರ್ಷಗಟ್ಟಲೆ ಆರದೆ ಉರಿಯುವುದು, ನೀರು ಅಷ್ಟೂ ಕಾಲ ನಿಲ್ಲುವುದು ಅಪರೂಪ.

ಒಲೆ ಆರದೆ ಜೀವ ಹುಟ್ಟಿದ ಕಡೆ ಖನಿಜಕ್ಕೆ ಏನಾಗುತ್ತದೆ ಎಂದು ನೋಡಲು ಇನ್ನು ಆಸ್ಟಿನ್. ಅಲ್ಲಿನ ಕ್ಯಾಪಿಟಲ್ ಕಟ್ಟಡವನ್ನು ನೀವು ನೋಡಿರುತ್ತೀರಿ, ಮುಂದೆ ನಿಂತು ಫೋಟೋ ಕೂಡ ತೆಗೆಸಿಕೊಂಡಿರುತ್ತೀರಿ. ಅದು ಕೆಂಪಗೆ ಯಾಕಿದೆ ಎಂದು ಕೇಳಿದ್ದೀರಾ? 1880ರ ದಶಕದಲ್ಲಿ ಅದನ್ನು ಕಟ್ಟಲು ಹೊರಟಾಗ ಯೋಜನೆಯಲ್ಲಿದ್ದದ್ದು ಬಿಳಿ ಸುಣ್ಣದ ಕಲ್ಲು. ಊರ ಪಕ್ಕದ ಓಟ್‌ಮನ್‌ವಿಲ್, ಅಂದರೆ ಇಂದಿನ ಓಕ್ ಹಿಲ್, ಅಲ್ಲಿಂದ ಕಲ್ಲು ತಂದರು. ತಂದು ಗಾಳಿಗೆ ಒಡ್ಡಿದರೆ ಬಿಳಿ ಮೈಯ ಮೇಲೆ ತುಕ್ಕಿನ ಗೆರೆ ಇಳಿಯತೊಡಗಿತು. ಕಲ್ಲಿನೊಳಗೆ ಪೈರೈಟ್ ಕಣಗಳಿದ್ದವು. ಪೈರೈಟ್ ಎಂದರೆ ಕಬ್ಬಿಣ, ಗಂಧಕ ಸೇರಿದ, ಹಿತ್ತಾಳೆಯಂತೆ ಹೊಳೆಯುವ ಖನಿಜ.

ಇಲ್ಲಿ ಸ್ವಲ್ಪ ನಿಲ್ಲೋಣ, ನಿಮ್ಮ ಪ್ರಶ್ನೆಯ ತಿರುಳು ಈ ತುಕ್ಕಿನ ಗೆರೆಯಲ್ಲೇ ಇದೆ. ಹತ್ತು ಕೋಟಿ ವರ್ಷದ ಹಿಂದೆ ಆಸ್ಟಿನ್ ಇರುವ ಜಾಗ ಬೆಚ್ಚಗಿನ, ಆಳವಿಲ್ಲದ ಸಮುದ್ರ. ಚಿಪ್ಪುಪ್ರಾಣಿಗಳು ಸತ್ತು ಬಿದ್ದ ತಳದ ಕೆಸರಿನಲ್ಲಿ ಆಮ್ಲಜನಕ ಇರಲಿಲ್ಲ. ಅಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಸಮುದ್ರದ ಸಲ್ಫೇಟನ್ನು ಉಸಿರಾಡಿ, ಕೊಳೆತ ಮೊಟ್ಟೆಯ ವಾಸನೆಯ ಅನಿಲ ಬಿಡುತ್ತವೆ. ಅದು ಕೆಸರಿನ ಕಬ್ಬಿಣವನ್ನು ಹಿಡಿದರೆ ಪೈರೈಟ್. ಅಂದರೆ ಸುಣ್ಣದ ಕಲ್ಲು ಚಿಪ್ಪಿನವರ ಮನೆ, ಅದರೊಳಗಿನ ಪೈರೈಟ್ ಬ್ಯಾಕ್ಟೀರಿಯಾದ ಉಸಿರು. ಹತ್ತು ಕೋಟಿ ವರ್ಷ ಮುಚ್ಚಿಟ್ಟಿದ್ದ ಈ ಗಂಟನ್ನು ಕಲ್ಲುಕುಟಿಗರು ಬಿಚ್ಚಿದ ಕೂಡಲೇ ಗಾಳಿಯ ಆಮ್ಲಜನಕ, ಅದೂ ಹಸಿರು ಗಿಡ ಪಾಚಿಗಳ ಕೊಡುಗೆ, ಒಳಹೊಕ್ಕು ಪೈರೈಟನ್ನು ತುಕ್ಕು ಮಾಡಿತು. ಬಿಡುಗಡೆಯಾದ ಗಂಧಕಾಮ್ಲ ಸುಣ್ಣದ ಕಲ್ಲನ್ನು ಮುಟ್ಟಿದರೆ ಜಿಪ್ಸಮ್ ಆಗುತ್ತದೆ. ಒಂದು ಕಲ್ಲು, ಮೂರು ಬಗೆಯ ಜೀವಿಗಳ ಕೈವಾಡ, ಕಣ್ಣೆದುರೇ ಹೊಸ ಖನಿಜಗಳ ಹುಟ್ಟು. ಕಂಟ್ರಾಕ್ಟರರಿಗೆ ಇದರಲ್ಲಿ ಯಾವ ಸೊಗಸೂ ಕಂಡಿರಲಾರದು.

ಕೊನೆಗೆ ಬಿಳಿ ಕಲ್ಲನ್ನು ಕಣ್ಣಿಗೆ ಬೀಳದ ಒಳಭಾಗಗಳಿಗೆ ಉಳಿಸಿ, ಹೊರಮೈಗೆ ಮಾರ್ಬಲ್ ಫಾಲ್ಸ್ ಊರಿನ ಗ್ರಾನೈಟ್ ಬೆಟ್ಟದ ಕೆಂಪು ಕಲ್ಲನ್ನು ತರಿಸಿದರು. ಬೆಟ್ಟದ ಒಡೆಯರು ಕಲ್ಲನ್ನು ಪುಕ್ಕಟೆ ಕೊಟ್ಟರು. ಒಡೆಯಲು ಕೈದಿಗಳನ್ನು ಹಚ್ಚಿದ್ದಕ್ಕೆ ಕಲ್ಲುಕುಟಿಗರ ಸಂಘ ಬಹಿಷ್ಕಾರ ಹಾಕಿತು, ಆಗ ಸ್ಕಾಟ್ಲೆಂಡಿನಿಂದ ಕೆಲಸಗಾರರನ್ನು ಕರೆಸಿದರು. ಅದೇ ಒಂದು ದೊಡ್ಡ ಕಥೆ. 1888ರಲ್ಲಿ ಕಟ್ಟಡ ಮುಗಿಯಿತು. ಆ ಗ್ರಾನೈಟಿಗೆ ಸುಮಾರು 110 ಕೋಟಿ ವರ್ಷ. ನಮ್ಮ ರಾಮನಗರದ ಬೆಟ್ಟಗಳ ಗ್ರಾನೈಟಿಗೆ ಸುಮಾರು 250 ಕೋಟಿ. ಹೋಲಿಸಿದರೆ ಇದು ಚಿಕ್ಕಪ್ಪನ ಮಗನ ಮಗ. ಗ್ರಾನೈಟ್ ಬೇರೆ ಲೋಕಗಳಲ್ಲಿ ಅಪರೂಪ, ಯಾಕೆಂದರೆ ಅದನ್ನು ಬೆಟ್ಟಗಟ್ಟಲೆ ಬೇಯಿಸಲು ಆಳದ ಕಲ್ಲಿಗೆ ನೀರು ಬೆರೆಯಬೇಕು. ಹೀಗೆ ಕ್ಯಾಪಿಟಲ್‌ನ ಒಳಗಿನ ಕಲ್ಲು ಜೀವದ ಸಾಕ್ಷಿ, ಹೊರಗಿನದು ನೀರಿನ ಸಾಕ್ಷಿ.

ಆಮ್ಲಜನಕಕ್ಕೆ ಬರುತ್ತೇನೆ ಎಂದಿದ್ದೆ. ಗಾಳಿಗೆ ಅದು ಗಣನೀಯವಾಗಿ ಸೇರಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಅದಕ್ಕಿಂತ ಮೊದಲು ಭೂಮಿ ಹೇಗಿತ್ತು ಎನ್ನಲು ಒಳ್ಳೆಯ ಪುರಾವೆ ನಮ್ಮ ಮಲೆನಾಡಿನಲ್ಲೇ ಇದೆ. ಬಾಬಾಬುಡನ್ ಸರಣಿಯ ತಳದಲ್ಲಿ, 270 ಕೋಟಿ ವರ್ಷಕ್ಕೂ ಹಿಂದಿನ ನದಿಗಳು ಉರುಳಿಸಿ ತಂದ ಬೆಣಚುಗುಂಡುಗಳ ಪದರಗಳಿವೆ. ಆ ಗುಂಡುಗಳ ನಡುವೆ ಪೈರೈಟ್ ಕಣಗಳಿವೆ, ಹೊಳೆಯಲ್ಲಿ ಉರುಳಿ ಸವೆದರೂ ತುಕ್ಕು ಹಿಡಿಯದ ಪೈರೈಟ್. ಆಸ್ಟಿನ್‌ನ ಗಾಳಿಯಲ್ಲಿ ಅಷ್ಟು ಬೇಗ ಕೆಟ್ಟ ಖನಿಜ ಚಿಕ್ಕಮಗಳೂರಿನ ಕಡೆಯ ಹಳೆಯ ಹೊಳೆಯಲ್ಲಿ ಕೆಡಲಿಲ್ಲ, ಕೆಡಿಸುವ ಗಾಳಿಯೇ ಆಗ ಇರಲಿಲ್ಲ. ಅದೇ ಬಾಬಾಬುಡನ್, ಕುದುರೆಮುಖದ ಸಾಲಿನಲ್ಲಿ ಮೇಲಕ್ಕೆ ಕಬ್ಬಿಣದ ಅದಿರಿನ ಪಟ್ಟೆಪಟ್ಟೆ ಕಲ್ಲುಗಳು ಬರುತ್ತವೆ. ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ತಳಕ್ಕೆ ಕೂರಲು ಸೂಕ್ಷ್ಮಜೀವಿಗಳ ಕೈ ಇತ್ತು ಎಂಬುದು ಬಹುಮಂದಿ ಒಪ್ಪುವ ವಿವರಣೆ. ಆಮ್ಲಜನಕ ಬಂದ ಮೇಲೆ ತಾಮ್ರ, ಯುರೇನಿಯಂ, ಮ್ಯಾಂಗನೀಸ್ ಎಲ್ಲವೂ ಹೊಸ ಹೊಸ ಜೊತೆಗಳನ್ನು ಕಟ್ಟಿಕೊಂಡವು. ರತ್ನದ ಅಂಗಡಿಯ ನೀಲಿ ಫಿರೋಜಾ, ಹಸಿರು ಮ್ಯಾಲಕೈಟ್, ಕಡುನೀಲಿ ಅಜುರೈಟ್, ಯಾವುದೂ ಅದಕ್ಕೂ ಮೊದಲು ನೆಲದ ಮೇಲೆ ಸುಲಭಕ್ಕೆ ಹುಟ್ಟುವಂಥದ್ದಲ್ಲ. 2022ರ ಲೆಕ್ಕದಂತೆ ಗೊತ್ತಿರುವ ಖನಿಜಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚಿನವುಗಳ ಹುಟ್ಟಿನಲ್ಲಿ ನೀರಿನ ಪಾತ್ರವಿದೆ, ಮೂರರಲ್ಲಿ ಒಂದು ಪಾಲು ಜೀವಿಗಳಿಲ್ಲದೆ ಹುಟ್ಟುತ್ತಲೇ ಇರಲಿಲ್ಲ.

ಆಸ್ಟಿನ್‌ನಿಂದ ಡಲ್ಲಾಸ್‌ಗೆ ವಾಪಸು ಬರುವ ದಾರಿಯುದ್ದಕ್ಕೂ ಇನ್ನೊಂದು ಬಿಳಿ ಕಲ್ಲು ನಿಮ್ಮ ಜೊತೆಗೇ ಬರುತ್ತದೆ. ಅದರ ಹೆಸರು ಆಸ್ಟಿನ್ ಚಾಕ್, ಡಲ್ಲಾಸ್‌ನ ವೈಟ್ ರಾಕ್ ಕೆರೆಗೆ ಆ ಹೆಸರು ಬಂದದ್ದು ಅದರಿಂದಲೇ. ಎಂಟೂವರೆ ಕೋಟಿ ವರ್ಷದ ಹಿಂದೆ ಸಮುದ್ರದಲ್ಲಿ ತೇಲುತ್ತಿದ್ದ, ಕಣ್ಣಿಗೆ ಕಾಣದ ಪಾಚಿಗಳು ತಮ್ಮ ಮೈಮೇಲೆ ಹೊದ್ದಿದ್ದ ಸುಣ್ಣದ ಬಿಲ್ಲೆಗಳ ರಾಶಿ ಅದು. (ಶಾಲೆಯ ಚಾಕ್‌ಪೀಸ್ ಬಹಳ ಕಡೆ ಜಿಪ್ಸಮ್‌ನದು, ಮಗ ಕೇಳಿದರೆ ಇರಲಿ.) ನಿಮ್ಮೂರ ಕರಿಮಣ್ಣು ಇಂಥದೇ ಸುಣ್ಣದ ಕೆಸರು, ಸುಣ್ಣದ ಕಲ್ಲುಗಳ ಮೇಲೆ ಮಳೆ, ಹುಲ್ಲಿನ ಬೇರು, ಸೂಕ್ಷ್ಮಜೀವಿಗಳು ಕೆಲಸ ಮಾಡಿ ಉಳಿದದ್ದು. ಆದ್ದರಿಂದ ಮಗನಿಗೆ ಹೀಗೆ ಹೇಳಬಹುದು: ಮಣ್ಣಿನ ಜೇಡಿಗೆ ಜೀವ ಇಲ್ಲ ಕಣಪ್ಪ, ಆದರೆ ಈ ಮಣ್ಣು ಹೀಗಾಗುವುದರಲ್ಲಿ ಜೀವದ ಕೈ ಇದೆ.

ಈಗ ನಿಮ್ಮ ಕಠಿಣ ಪ್ರಶ್ನೆ: ಎಲ್ಲವೂ ಸರಳದಿಂದ ಜಟಿಲಕ್ಕೆ ಸಾಗುವುದೇ ನಿಯಮವೆ? 2023ರ ಅಕ್ಟೋಬರ್‌ನಲ್ಲಿ ಮೈಕಲ್ ವಾಂಗ್, ಹೇಜನ್ ಮತ್ತಿತರರು ಅಂಥದೊಂದು ನಿಯಮವನ್ನು ಮುಂದಿಟ್ಟರು. ಬಿಡಿ ಭಾಗಗಳು ಬಹಳ ಇರಬೇಕು, ಅವು ಬಗೆಬಗೆಯಾಗಿ ಕೂಡಿಕೊಳ್ಳಬೇಕು, ಕೂಡಿದವುಗಳಲ್ಲಿ ಕೆಲಸಕ್ಕೆ ಬರುವಂಥವು ಮಾತ್ರ ಉಳಿಯಬೇಕು. ಹೀಗಿದ್ದರೆ ನಕ್ಷತ್ರವಾಗಲಿ, ಖನಿಜವಾಗಲಿ, ಜೀವಿಯಾಗಲಿ, ಅದರ ‘ಕಾರ್ಯಮಾಹಿತಿ’ ಹೆಚ್ಚುತ್ತ ಹೋಗುತ್ತದೆ ಎಂಬುದು ಅವರ ವಾದ. ಈ ಪದ 2003ರಲ್ಲಿ ಜ್ಯಾಕ್ ಶೋಸ್ಟಾಕ್ ಬಳಕೆಗೆ ತಂದದ್ದು. ಸಾರಿನ ಪುಡಿಯಿಂದ ಹೇಳಿದರೆ ಸುಲಭ. ಕೊತ್ತಂಬರಿ, ಜೀರಿಗೆ, ಮೆಂತ್ಯ, ಮೆಣಸು, ಒಣಮೆಣಸಿನಕಾಯಿ, ಸಾಸಿವೆ, ಇಂಗು, ಕರಿಬೇವುಗಳ ಅಳತೆ ಬದಲಿಸುತ್ತ ಹೋದರೆ ಲಕ್ಷ ಬಗೆಯ ಪುಡಿಯಾದೀತು. ಅದರಲ್ಲಿ ಮನೆಯ ಹಿರಿಯರು “ಹೂಂ, ಇದು ಸಾರು” ಅನ್ನುವಂಥದ್ದು ಎಷ್ಟು? ಹತ್ತು ಸಾವಿರ ಒಪ್ಪಿಗೆಯಾದರೆ ಕಾರ್ಯಮಾಹಿತಿ ಕಡಿಮೆ, ಹತ್ತೇ ಒಪ್ಪಿಗೆಯಾದರೆ ಹೆಚ್ಚು.

ಜೀವಿಗಳ ಮಟ್ಟಿಗೆ ಇದು ಒಪ್ಪುವ ಮಾತು. ಆರ್‌ಎನ್‌ಎಯ ತುಣುಕು ತನ್ನ ಕೆಲಸ ಮಾಡುತ್ತದೋ ಇಲ್ಲವೋ ಎಂದು ಪ್ರಯೋಗಶಾಲೆಯಲ್ಲಿ ಅಳೆಯಬಹುದು. ಖನಿಜಕ್ಕೆ ಏನು ‘ಕೆಲಸ’? ಕರಗದೆ, ಒಡೆಯದೆ ಉಳಿಯುವುದೇ ಅದರ ಕೆಲಸ ಎನ್ನುತ್ತಾರೆ ಅವರು. ನನಗೆ ಅದು ಸ್ವಲ್ಪ ಎಳೆದ ಹಾಗೆ ಕಾಣುತ್ತದೆ. ಸಾರನ್ನು ಒಪ್ಪುವ ಹಿರಿಯರು ಅಲ್ಲಿ ಯಾರು? ಅವರ ಈ ನಿಯಮವನ್ನು ನ್ಯೂಟನ್ನನ ನಿಯಮದ ಪಂಕ್ತಿಯಲ್ಲಿ ಕೂರಿಸಲು ಇನ್ನೂ ಬಹಳ ಅಳತೆ ಆಗಬೇಕು. ಮೇಲಾಗಿ, ಎಲ್ಲವೂ ಜಟಿಲವಾಗಲೇಬೇಕು ಎಂದಿಲ್ಲ. ಚಂದ್ರ ನಿಂತ, ಬೆನ್ನು ನಿಂತಿತು. 2016ರಲ್ಲಿ ಎಣಿಸಿದಾಗ ಗೊತ್ತಿದ್ದ ಸುಮಾರು 5,000 ಖನಿಜಗಳಲ್ಲಿ 2,500ಕ್ಕೂ ಹೆಚ್ಚಿನವು ಇಡೀ ಭೂಮಿಯಲ್ಲಿ ಐದು ಜಾಗಕ್ಕಿಂತ ಹೆಚ್ಚು ಕಡೆ ಸಿಕ್ಕಿರಲಿಲ್ಲ. ನಿಯಮಕ್ಕಿಂತ ಆಕಸ್ಮಿಕದ ಪಾಲೇ ಅಲ್ಲಿ ದೊಡ್ಡದು ಎಂದು ನನ್ನ ಅನಿಸಿಕೆ.

ಮಂಗಳದ ಮಾತು ಉಳಿಯಿತು. ಅಲ್ಲಿ ಜೇಡಿ ಇದೆ. 2013ರಲ್ಲಿ ಕ್ಯೂರಿಯಾಸಿಟಿ ಗಾಡಿ ಗೇಲ್ ಕುಳಿಯಲ್ಲಿ ಕೊರೆದ ಹಳೆಯ ಕೆರೆಯ ಕೆಸರುಕಲ್ಲಿನಲ್ಲಿ ಸ್ಮೆಕ್ಟೈಟ್ ಸಿಕ್ಕಿತು. ಜೀವ ಇತ್ತೆ ಎನ್ನುವಲ್ಲಿ ಮತ್ತೆ ಹ್ಯೂಸ್ಟನ್ ಬರುತ್ತದೆ. 1984ರ ಡಿಸೆಂಬರ್‌ನಲ್ಲಿ ಅಂಟಾರ್ಕ್ಟಿಕದ ಹಿಮದ ಮೇಲೆ ಸಿಕ್ಕ, ಎರಡು ಕಿಲೋ ತೂಗದ ಒಂದು ಮಂಗಳಶಿಲೆಯನ್ನು ಜಾನ್ಸನ್ ಕೇಂದ್ರದ ಡೇವಿಡ್ ಮೆಕೇ ಮತ್ತು ಸಂಗಡಿಗರು ಪರೀಕ್ಷಿಸಿದರು. 410 ಕೋಟಿ ವರ್ಷದ ಕಲ್ಲು. ಅದರ ಬಿರುಕುಗಳಲ್ಲಿ ಕಾರ್ಬೊನೇಟಿನ ಉಂಡೆಗಳು, ಉಂಡೆಗಳ ಅಂಚಿನಲ್ಲಿ ಮ್ಯಾಗ್ನೆಟೈಟಿನ ಅತಿ ಸಣ್ಣ ಹರಳುಗಳು. ನಮ್ಮ ಕೆರೆಗಳ ಕೆಸರಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ದಿಕ್ಸೂಚಿಯಾಗಿ ಮೈಯೊಳಗೆ ಬೆಳೆಸಿಕೊಳ್ಳುವ ಹರಳುಗಳನ್ನೇ ಅವು ಹೋಲುತ್ತಿದ್ದವು. 1996ರ ಆಗಸ್ಟ್ 7ರಂದು ‘ಮಂಗಳದಲ್ಲಿ ಜೀವದ ಕುರುಹು’ ಎಂದು ಘೋಷಣೆಯಾಯಿತು, ಅಧ್ಯಕ್ಷ ಕ್ಲಿಂಟನ್ ಹೊರಬಂದು ಮಾತಾಡಿದರು. ಆಮೇಲೆ ಒಂದೊಂದೇ ಕುರುಹಿಗೆ ಜೀವವಿಲ್ಲದ ವಿವರಣೆಯೂ ಸಿಗುತ್ತ ಬಂತು. 2022ರಲ್ಲಿ ಬಂದ ಅಧ್ಯಯನ, ಆ ಕಲ್ಲಿನ ಇಂಗಾಲದ ಸಂಯುಕ್ತಗಳು ನೀರು ಮತ್ತು ಕಲ್ಲಿನ ವ್ಯವಹಾರದಿಂದಲೇ ಆಗಿರಬಹುದು ಎಂದು ತೋರಿಸಿತು. ಮೆಕೇ ಅವರ ತಂಡ ಸೋತಿತು ಎನ್ನುವವರ ಜೊತೆ ನಾನಿಲ್ಲ. ಒಂದು ಖನಿಜವನ್ನು ಜೀವದ ಸಾಕ್ಷಿ ಎನ್ನಲು ಎಷ್ಟು ಅಡ್ಡಪ್ರಶ್ನೆ ಹಾಕಬೇಕು ಎಂಬುದನ್ನು ಜಗತ್ತು ಕಲಿತದ್ದು ಆ ಕಲ್ಲಿನಿಂದ.

ಆ ಪಾಠ ಈಗ ಉಪಯೋಗಕ್ಕೆ ಬರುತ್ತಿದೆ. 2024ರ ಜುಲೈನಲ್ಲಿ ಪರ್ಸಿವಿಯರೆನ್ಸ್ ಗಾಡಿ ಜೆಜೆರೊ ಕುಳಿಯ ಕೆಸರುಕಲ್ಲಿನಲ್ಲಿ ಚಿರತೆಯ ಮೈಯಂಥ ಚುಕ್ಕೆಗಳನ್ನು ಕಂಡಿತು. 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ವಿವರದಂತೆ ಆ ಚುಕ್ಕೆಗಳಲ್ಲಿರುವುದು ಬಹುಶಃ ಕಬ್ಬಿಣದ ಫಾಸ್ಫೇಟ್ ಮತ್ತು ಕಬ್ಬಿಣ ಗಂಧಕಗಳ ಗ್ರೈಗೈಟ್. ಗ್ರೈಗೈಟ್ ಎಂದರೆ ಆಸ್ಟಿನ್ ಕಂಟ್ರಾಕ್ಟರರನ್ನು ಗೋಳಾಡಿಸಿದ ಪೈರೈಟಿನ ದಾಯಾದಿ. ಭೂಮಿಯ ಕೆಸರಿನಲ್ಲಿ ಇಂಥ ಜೋಡಿಯನ್ನು ಬಹುಮಟ್ಟಿಗೆ ಬ್ಯಾಕ್ಟೀರಿಯಾಗಳೇ ಮಾಡುತ್ತವೆ. ಈ ಸಲ ಬರೆದವರು ‘ಜೀವದ ಕುರುಹಾಗಿರಲು ಸಾಧ್ಯ’ ಎಂಬಲ್ಲಿಗೆ ನಿಲ್ಲಿಸಿದ್ದಾರೆ. ಕೊರೆದ ತುಂಡು ಕೊಳವೆಯೊಳಗೆ ಭದ್ರವಾಗಿ ಮಂಗಳದಲ್ಲೇ ಇದೆ. ಅದನ್ನು ಇಲ್ಲಿಗೆ ತಂದು ಸೀಳಿ ನೋಡುವವರೆಗೆ ನಿಮ್ಮ ಮಗನ ಎರಡನೆಯ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿಲ್ಲ. ಒಂಬತ್ತು ವರ್ಷದವನಿಗೆ ಕಾಯಲು ಸಮಯವಿದೆ.

ಗೋಡೆಗೆ ಅಷ್ಟು ಸಮಯವಿಲ್ಲ. ಬಿರುಕಿಗೆ ಈಗಲೇ ಪುಟ್ಟಿ ಮೆತ್ತಿ ಬಣ್ಣ ಬಳಿಯಬೇಡಿ, ಅಕ್ಟೋಬರ್ ಮಳೆಗೆ ಮಣ್ಣು ಉಬ್ಬಿದಾಗ ಅದು ತಾನಾಗಿ ಸ್ವಲ್ಪ ಕೂಡಿಕೊಳ್ಳಬಹುದು. ಅಲ್ಲಿಯವರೆಗೆ ತೂತಿನ ಹೋಸ್ ಪೈಪನ್ನು ಮನೆಯ ಸುತ್ತ, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಹಾಸಿ, ಸಂಜೆ ಹೊತ್ತು ಸಣ್ಣಗೆ ನೀರು ಬಿಡಿ. ನಮ್ಮೂರಿನವರಿಗೆ ಈ ಸುದ್ದಿ ಫೋನಿನಲ್ಲಿ ಹೇಳಿದರೆ ನಂಬುವುದಿಲ್ಲ, ಅಮೆರಿಕದಲ್ಲಿ ಮನೆಗೆ ನೀರು ಹಾಯಿಸುತ್ತಾರಂತೆ ಎಂದು ನಗುತ್ತಾರೆ. ಬಾಗಿಲನ್ನು ಮಾತ್ರ ಬಡಗಿಯಿಂದ ಕೆತ್ತಿಸಬೇಡಿ. ನಾನು ಕೆತ್ತಿಸಿದ್ದೆ, ಚಳಿಗಾಲಕ್ಕೆ ಮನೆ ಮೇಲೆದ್ದಾಗ ಎರಡು ಬೆರಳು ಸಂದು ಬಿತ್ತು.